ಗೂಡಿನ ರೇಟು ಗೊತ್ತು, ಸೀರೆಯ ಲೆಕ್ಕ ಗೊತ್ತಾ?

(ಪಾಡ್‌ಕಾಸ್ಟ್‌ನ ಈ ವಾರದ ಸಂಚಿಕೆಯ ಅಕ್ಷರ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಳ್ಳಲಾಗಿದೆ.)

ಲಗ್ನಪತ್ರಿಕೆ ಮನೆಗೆ ಬಂದ ತಕ್ಷಣ ಮೊದಲು ನೋಡೋದು ಮುಹೂರ್ತ, ಆಮೇಲೆ ಛತ್ರ ಎಲ್ಲಿ ಅಂತ. ಮೂರನೇದು ಬಾಯಿಬಿಟ್ಟು ಕೇಳದೇ ಇದ್ರೂ ಎಲ್ಲರ ಮನಸ್ಸಲ್ಲೂ ಇರೋ ಪ್ರಶ್ನೆ: ಏನು ಉಟ್ಕೊಳ್ಳೋದು? ಇವತ್ತು ಅದೇ ವಿಷಯ. ನೆಂಟರ ಮದುವೆಗೆ ಜವಳಿ ತೆಗೆಯೋದು ಹೇಗೆ, ಎಷ್ಟಕ್ಕೆ, ಎಷ್ಟು ಸಾಕು.

ಶಿಡ್ಲಘಟ್ಟ ತಾಲ್ಲೂಕಿನ ದಿಬ್ಬೂರಹಳ್ಳಿ ಕಡೆಯ ಒಂದು ಮನೆ ಅಂದ್ಕೊಳ್ಳಿ. ಬೋರ್‌ವೆಲ್ ನೀರಲ್ಲಿ ಒಂದೆರಡು ಎಕರೆ ಹಿಪ್ಪುನೇರಳೆ, ಪಕ್ಕದಲ್ಲಿ ಹುಳು ಮನೆ. ಮನೆಯಾಕೆಯ ಅಣ್ಣನ ಮಗಳಿಗೆ ಮದುವೆ. ಅಂದ್ರೆ ಇವರು ಸೋದರತ್ತೆ. ಸೋದರತ್ತೆ ಹಿಂದಿನ ಸಾಲಲ್ಲಿ ಕೂತು ಊಟ ಮಾಡಿ ಬರೋ ಹಾಗಿಲ್ಲ, ಶಾಸ್ತ್ರಕ್ಕೆಲ್ಲ ಮುಂದೆ ನಿಲ್ಲಬೇಕು. ಚಪ್ಪರ, ಅರಿಶಿನ, ಆರತಕ್ಷತೆ, ಮುಹೂರ್ತ, ಬೀಗರೂಟ. ಈಗ ಮೆಹಂದೀನೂ ಸೇರ್ಕೊಂಡಿದೆ. ಆರು ಕಾರ್ಯಕ್ರಮ, ಮನೇಲಿ ನಾಲ್ಕು ಜನ. ವಾಟ್ಸಾಪ್ ಗ್ರೂಪಲ್ಲಿ ಆಗಲೇ ಅಪ್ಪಣೆ ಬಂದಿದೆ, 'ಅರಿಶಿನಕ್ಕೆ ಎಲ್ಲರೂ ಹಳದಿ' ಅಂತ. ದುಡ್ಡು? ಹುಳು ಈಗಷ್ಟೇ ಮೂರನೇ ಜ್ವರದಿಂದ ಎದ್ದಿದೆ. ಇನ್ನೊಂದು ಜ್ವರ ಕಳೆದು, ಹಣ್ಣಾಗಿ, ಚಂದ್ರಿಕೆ ಹತ್ತಿ, ಗೂಡು ಮಾರ್ಕೆಟ್ಟಿಗೆ ಹೋಗಬೇಕು. ಆ ದುಡ್ಡು ಬಂದ ಮೇಲೆ ಜವಳಿ.

ಇಲ್ಲೇ ಒಂದು ವಿಚಿತ್ರ ಇದೆ ನೋಡಿ. ರಾಮನಗರದ ಜೊತೆಗೆ ರಾಜ್ಯದ ದೊಡ್ಡ ಗೂಡಿನ ಮಾರುಕಟ್ಟೆ ಅಂದ್ರೆ ಶಿಡ್ಲಘಟ್ಟ. ಅಲ್ಲಿ ಹರಾಜಾದ ಗೂಡನ್ನ ಊರೊಳಗಿನ ರೀಲರ್‌ಗಳೇ ಬಿಸಿನೀರಲ್ಲಿ ಹಾಕಿ ನೂಲು ಬಿಚ್ತಾರೆ. ಕಂಚಿ ಸೀರೆ ಅಂತ ನಾವು ಕೈಮುಗಿದು ತಗೊಳ್ತೀವಲ್ಲ, ಆ ಮಗ್ಗಕ್ಕೂ ಕರ್ನಾಟಕದ ನೂಲು ಹೋಗುತ್ತೆ. ಹಾಗಿದ್ದೂ, ಹುಳು ಮೇಯಿಸಿದ ಮನೆಯವರೇ ಅಂಗಡಿಗೆ ಹೋಗಿ 'ಪ್ಯೂರ್ ಸಿಲ್ಕ್' ಅಂತ ಪಾಲಿಯೆಸ್ಟರ್ ತಂದುಬಿಡೋ ಸಾಧ್ಯತೆ ಇದೆ. ಗೂಡಿನ ರೇಟು ಬಾಯಲ್ಲೇ ಇರುತ್ತೆ, ಸೀರೆಯ ಲೆಕ್ಕ ಮಾತ್ರ ಯಾರೂ ಹಾಕಲ್ಲ. ಹಾಕೋಣ ಬನ್ನಿ.

ಒಂದು ಕೆಜಿ ಕಚ್ಚಾ ರೇಷ್ಮೆ ನೂಲಿಗೆ ಸುಮಾರು ಆರರಿಂದ ಎಂಟು ಕೆಜಿ ಗೂಡು ಬೇಕು. ಆ ನೂಲನ್ನ ಬೇಯಿಸಿ ಅಂಟು ತೆಗೆದಾಗ ತೂಕದಲ್ಲಿ ಸುಮಾರು ಕಾಲುಭಾಗ ಹೋಗುತ್ತೆ. ನಮ್ಮ ಮಿಶ್ರತಳಿ ಗೂಡಿನ ಹಳದಿ ಬಣ್ಣಾನೂ ಆ ಅಂಟಿನ ಜೊತೆಗೇ ಹೋಗೋದು. ಹಾಗಾಗಿ ಜರಿ ಬಿಟ್ಟು ಅರ್ಧ ಕೆಜಿ ರೇಷ್ಮೆ ಇರೋ ಸೀರೆಗೆ ನಾಲ್ಕೈದು ಕೆಜಿ ಗೂಡು ಹಿಡಿಯುತ್ತೆ. ಎರಡು ಸಾವಿರಕ್ಕೂ ಹೆಚ್ಚು ಹುಳುವಿನ ಕೆಲಸ ಅದು. ಲೆಕ್ಕಕ್ಕೆ ಗೂಡು ಕೆಜಿಗೆ 600 ರೂಪಾಯಿ ಅಂತ ಇಟ್ಕೊಳ್ಳಿ. ಐದು ಕೆಜಿಗೆ 3,000 ರೂಪಾಯಿ. ಇದು ಬರೀ ಗೂಡಿನ ದುಡ್ಡು. ನೂಲು ಬಿಚ್ಚಿದ ಕೂಲಿ, ಹುರಿ, ಬಣ್ಣ, ಜರಿ, ನೇಯ್ಗೆ, ಅಂಗಡಿಯವರ ಲಾಭ ಇನ್ನೂ ಸೇರಿಲ್ಲ. ಈಗ ಹೇಳಿ, ಯಾರಾದ್ರೂ 1,500 ರೂಪಾಯಿಗೆ ಅಪ್ಪಟ ರೇಷ್ಮೆಯ ದೊಡ್ಡ ಅಂಚಿನ ಸೀರೆ ಅಂದ್ರೆ ನಂಬೋಕಾಗುತ್ತಾ? ತೆಳು ಸೀರೆಗೆ ಗೂಡು ಕಡಿಮೆ ಸಾಕು, ನಿಜ. ಆದ್ರೂ ಲೆಕ್ಕ ಕೂಡಲ್ಲ. ಮಾರ್ಕೆಟ್ಟಿನ ಇವತ್ತಿನ ರೇಟು ಹಾಕಿ ನೀವೇ ಗುಣಿಸಿ ನೋಡಿ.

ಅಂಗಡೀಲಿ ಕೇಳಬೇಕಾದ್ದು ಮೂರೇ ಮೂರು.

ಮೊದಲನೇದು, ಸಿಲ್ಕ್ ಮಾರ್ಕ್. ಕೇಂದ್ರ ರೇಷ್ಮೆ ಮಂಡಳಿ 2004ರಲ್ಲಿ ಶುರು ಮಾಡಿದ ಗುರುತು ಇದು. ಸೀರೆಗೇ ಲೇಬಲ್ ಕಟ್ಟಿರುತ್ತೆ. ಅಂಗಡಿ ಬೋರ್ಡಲ್ಲಿ ಇದ್ರೆ ಸಾಲದು, ನೀವು ತಗೊಳ್ತಿರೋ ಸೀರೆ ಮೇಲೇ ಇರಬೇಕು. ಅದು ರೇಷ್ಮೆಗೆ ಮಾತ್ರ ಗ್ಯಾರಂಟಿ, ಜರಿಗೆ ಅಲ್ಲ. ಜರಿ ಅಪ್ಪಟದ್ದಾ, ಟೆಸ್ಟೆಡ್ ಜರಿನಾ ಅಂತ ಬೇರೆ ಕೇಳಬೇಕು.

ಎರಡನೇದು, ಬಿಲ್ಲು. ಬಿಲ್ಲಲ್ಲಿ 'ಸೀರೆ ಒಂದು' ಅಂತ ಬರೆದ್ರೆ ಸಾಲದು, 'ಶುದ್ಧ ರೇಷ್ಮೆ' ಅಂತ ಬರೆಸಿ. ಬರೆಯೋಕೆ ಹಿಂದೆ ಮುಂದೆ ನೋಡಿದ್ರೆ ಅರ್ಥ ಮಾಡ್ಕೊಳ್ಳಿ. ಇನ್ನೊಂದು, ಆರ್ಟ್ ಸಿಲ್ಕ್ ಅಂದ್ರೆ ಕಲಾತ್ಮಕ ರೇಷ್ಮೆ ಅಲ್ಲ, ಕೃತಕ ರೇಷ್ಮೆ. ಅದನ್ನ ಉಡೋದು ತಪ್ಪೇನಲ್ಲ. ಅದರ ಬೆಲೆಗೇ ಕೊಟ್ರೆ ಖುಷಿಯಾಗಿ ತಗೊಳ್ಳಿ. ರೇಷ್ಮೆ ಬೆಲೆ ಕೊಟ್ಟು ಅದನ್ನ ತರಬೇಡಿ ಅಷ್ಟೇ.

ಮೂರನೇದು, ಅನುಮಾನ ಬಂದ್ರೆ ಎಳೆ ಸುಟ್ಟು ನೋಡೋದು. ರೇಷ್ಮೆ ಸುಟ್ರೆ ಕೂದಲು ಸುಟ್ಟ ವಾಸನೆ, ಉಜ್ಜಿದ್ರೆ ಪುಡಿಯಾಗೋ ಬೂದಿ. ಪಾಲಿಯೆಸ್ಟರ್ ಆದ್ರೆ ಕರಗಿ ಗಟ್ಟಿ ಮಣಿ ಥರ ಆಗುತ್ತೆ. ಆದ್ರೆ ಒಂದೇ ಎಳೆ ಸಾಲದು. ಹಾಸಲ್ಲಿ ರೇಷ್ಮೆ ಇಟ್ಟು ಹೊಕ್ಕಲ್ಲಿ ಬೇರೆ ನೂಲು ಹೊಡೆದಿರೋ ಸೀರೆಗಳಿವೆ. ಉದ್ದದ್ದೊಂದು, ಅಡ್ಡದ್ದೊಂದು, ಎರಡೂ ಎಳೆ ನೋಡಿ.

ಸರಿ, ಈಗ ಆರು ಕಾರ್ಯಕ್ರಮಕ್ಕೆ ಆರು ಜೊತೆ ಬೇಕಾ? ನನ್ನ ಪ್ರಕಾರ ಹೊಸದು ಒಂದು ಸಾಕು, ಅದೂ ಮುಹೂರ್ತಕ್ಕೆ. ಧಾರೆ ಹೊತ್ತಲ್ಲಿ ಹತ್ತಿರ ನಿಲ್ಲೋರು, ಫೋಟೋದಲ್ಲಿ ಬರೋರು, ಮುಂದೆ ಇಪ್ಪತ್ತು ವರ್ಷ ಆಲ್ಬಂ ತೆಗೆದಾಗ ಕಾಣೋ ಸೀರೆ ಅದು. ಅಲ್ಲಿ ಒಳ್ಳೇದನ್ನೇ ತಗೊಳ್ಳಿ. ಆರತಕ್ಷತೆಗೆ ಪೆಟ್ಟಿಗೆಯಲ್ಲಿರೋ ಹಳೇ ರೇಷ್ಮೆ. ರವಿಕೆ ಒಂದು ಹೊಸದಾಗಿ ಹೊಲಿಸಿದ್ರೆ ಸೀರೇನೂ ಹೊಸದಾಗುತ್ತೆ. ರವಿಕೆಗೆ ಆರಿ ವರ್ಕ್ ಮಾಡಿಸೋ ಮುಂಚೆ ಮಾತ್ರ ರೇಟು ಕೇಳ್ಕೊಳ್ಳಿ, ಸೀರೆಗಿಂತ ಅದೇ ಹೆಚ್ಚಾಗೋ ಕಾಲ ಇದು.

ಅರಿಶಿನಕ್ಕೆ ಕಾಟನ್ನೇ ಸರಿ. ಅರಿಶಿನದ ಕಲೆ ಹೋಗಲ್ಲ, ಸೋಪು ತಾಗಿದ್ರೆ ಇನ್ನೂ ಕೆಂಪಾಗುತ್ತೆ. ಹಳದಿ ಸೀರೆ ಇಲ್ಲ ಅಂದ್ರೆ ಓರಗಿತ್ತಿ ಹತ್ರ, ಪಕ್ಕದ ಮನೆ ಅಕ್ಕನ ಹತ್ರ ಕೇಳಿ ಉಡಿ. ಎರಡು ಗಂಟೆ ಕಾರ್ಯಕ್ರಮಕ್ಕೆ ನಾಲ್ಕು ಜನಕ್ಕೂ ಹೊಸ ಹಳದಿ ಬಟ್ಟೆ ತಂದ್ರೆ ಆಮೇಲೆ ಅದನ್ನ ಎಲ್ಲಿ ಹಾಕ್ತೀರಿ? ಬೀಗರೂಟಕ್ಕೆ ಓಡಾಡಿ ಬಡಿಸೋ ಕೆಲಸ ಇರುತ್ತೆ, ಹಗುರಾದ ಸೀರೆ ಒಳ್ಳೇದು. ಗಂಡಸರಿಗೆ ಬಿಳಿ ಪಂಚೆ, ಬಿಳಿ ಶರ್ಟು ಇದ್ರೆ ಅರ್ಧ ಮದುವೆ ಮುಗೀತು. ಮಕ್ಕಳ ಲಂಗ ರವಿಕೆಗೆ ಒಳಗಡೆ ಬಟ್ಟೆ ಬಿಟ್ಟು ಹೊಲಿಸಿ, ಮುಂದಿನ ವರ್ಷಕ್ಕೂ ಬರುತ್ತೆ.

ಇಷ್ಟೂ ನಾವು ಉಡೋದಾಯ್ತು. ಖರ್ಚು ನಿಜವಾಗಿ ಏರೋದು ಕೊಡೋ ಬಟ್ಟೇಲಿ. ಮುಯ್ಯಿ ಬಟ್ಟೆ. ಅವರು ನಮಗೆ ಇಟ್ಟಿದ್ರು, ನಾವು ಅವರಿಗೆ ಇಡಬೇಕು. ಅತ್ತೆಗೊಂದು, ನಾದಿನಿಗೊಂದು, ಚಿಕ್ಕಮ್ಮನಿಗೊಂದು ಅಂತ ಹತ್ತು ಹದಿನೈದು ಸೀರೆ ಒಟ್ಟಿಗೆ ಕಟ್ಟಿಸಿ ತರ್ತೀವಿ. ತಗೊಂಡೋರು ಉಡ್ತಾರಾ? ಕವರ್ ಕೂಡ ಬಿಚ್ಚದೆ ಮುಂದಿನ ಮದುವೇಲಿ ಇನ್ನೊಬ್ಬರ ಮಡಿಲಿಗೆ. ಊರೂರು ಸುತ್ತಿ ಕೊನೆಗೆ ಯಾರ ಮೈಮೇಲೂ ಬರದ ಸೀರೆಗಳು ಎಲ್ಲರ ಬೀರುವಲ್ಲೂ ಇವೆ. ಮುಯ್ಯಿ ಬೇಡ ಅಂತಲ್ಲ. ಕಷ್ಟದ ಖರ್ಚಿಗೆ ಹತ್ತು ಮನೆಯವರು ಹೆಗಲು ಕೊಡೋದು ಅದರ ಅರ್ಥ. ಆ ಅರ್ಥ ಉಳಿಬೇಕು ಅಂದ್ರೆ ಲಕೋಟೇಲಿ ದುಡ್ಡಿಟ್ಟು, ಜೊತೆಗೆ ಒಂದು ರವಿಕೆ ಕಣ, ಅರಿಶಿನ ಕುಂಕುಮ, ಎಲೆ ಅಡಿಕೆ ಕೊಡಿ. ಶಾಸ್ತ್ರಾನೂ ಆಯ್ತು, ಅವರ ಖರ್ಚಿಗೂ ಆಯ್ತು.

ಇದನ್ನ ಒಬ್ಬರೇ ಶುರು ಮಾಡೋದು ಕಷ್ಟ, ಗೊತ್ತು. 'ಅತ್ತೆಯಾಗಿ ಬರಿ ಕೈಯಲ್ಲಿ ಬಂದ್ಲು' ಅಂತ ಮಾತು ಬರುತ್ತೆ. ಹೆಂಗಸಿನ ಮರ್ಯಾದೆ ಸೀರೆಯ ಅಂಚಲ್ಲಿದೆ ಅನ್ನೋ ಭಯದಿಂದಾನೇ ಸಾಲ ಹುಟ್ಟೋದು. ಅದಕ್ಕೇ ಪತ್ರಿಕೆ ಬಂದ ವಾರದಲ್ಲೇ ಅಣ್ಣ, ಅತ್ತಿಗೆ, ಅಕ್ಕ, ತಂಗಿ ಕೂತು ಮಾತಾಡ್ಕೊಳ್ಳಿ: ಈ ಸಲ ಯಾರೂ ಯಾರಿಗೂ ಸೀರೆ ಇಡೋದು ಬೇಡ ಅಂತ. ನಾಲ್ಕು ಜನ ಒಟ್ಟಿಗೆ ಹೇಳಿದ್ರೆ ಅದು ಜಿಪುಣತನ ಆಗಲ್ಲ, ಮನೆಯ ತೀರ್ಮಾನ ಆಗುತ್ತೆ.

ಹುಳು ಹಗಲು ರಾತ್ರಿ ಸೊಪ್ಪು ಕೇಳುತ್ತೆ. ಒಂದು ಬೆಳೆ ಗೂಡು ಅಂದ್ರೆ ಇಡೀ ಮನೆಯ ನಿದ್ದೆ. ಆ ದುಡ್ಡಲ್ಲಿ ಒಂದು ಅಪ್ಪಟ ರೇಷ್ಮೆ ಸೀರೆ ತಗೊಂಡ್ರೆ ಅದು ನಿಮ್ಮ ಹಕ್ಕು, ಅದರ ಒಂದು ಪಾಲು ನಿಮ್ಮಂಥದೇ ಇನ್ನೊಂದು ಹುಳು ಮನೆಗೆ ವಾಪಸ್ ಹೋಗುತ್ತೆ. ತಂದ ಮೇಲೆ ಬಿಳಿ ಹತ್ತಿ ಬಟ್ಟೇಲಿ ಸುತ್ತಿಡಿ. ಮೂರು ತಿಂಗಳಿಗೊಮ್ಮೆ ಮಡಿಕೆ ಬದಲಾಯಿಸಿ, ಇಲ್ಲಾಂದ್ರೆ ಮಡಿಸಿದ ಕಡೆಯೇ ಸೀಳುತ್ತೆ. ನುಸಿಗುಳಿಗೆ ಜರಿಗೆ ತಾಗದಿರಲಿ.

ನಿಮ್ಮನೇಲಿ ಮುಯ್ಯಿ ಸೀರೆ ನಿಲ್ಲಿಸಿದ್ದೀರಾ? ಹೇಗೆ ಒಪ್ಪಿಸಿದ್ರಿ? ವಾಯ್ಸ್ ಮೆಸೇಜ್ ಮಾಡಿ, ಮುಂದಿನ ಸಂಚಿಕೇಲಿ ಕೇಳಿಸ್ತೀವಿ.