ಹಿತೈಷಿಯ ವೇಷದಲ್ಲಿ ಬಂದ ಶೈತಾನ

(ಪೀಣ್ಯ ಪರಿಸರದ ಮುಸ್ಲಿಮ್ ಕುಟುಂಬಗಳ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಆದಮ್(ಅ) ಮತ್ತು ಇಬ್ಲೀಸನ ವೃತ್ತಾಂತವನ್ನು ಪವಿತ್ರ ಕುರ್‌ಆನ್ ಏಳು ಅಧ್ಯಾಯಗಳಲ್ಲಿ ಪ್ರಸ್ತಾಪಿಸಿದೆ. ಆದರೆ ಒಂದೆಡೆ ಹೇಳಿದ್ದನ್ನು ಇನ್ನೊಂದೆಡೆ ಹಾಗೆಯೇ ಪುನರುಚ್ಚರಿಸಿಲ್ಲ. ಅಲ್ ಬಕರ ಅಧ್ಯಾಯದಲ್ಲಿ ಮನುಷ್ಯನಿಗೆ ದೊರೆತ ಪ್ರಾತಿನಿಧ್ಯಕ್ಕೂ ಜ್ಞಾನಕ್ಕೂ ಒತ್ತು ನೀಡಲಾಗಿದೆ. ಅಲ್ ಅಅ್‌ರಾಫ್‌ನಲ್ಲಿ ಶೈತಾನನ ಕಾರ್ಯವಿಧಾನದ ವಿವರವಿದೆ. ತಾಹಾದಲ್ಲಿ ಅವನು ಒಡ್ಡಿದ ಆಮಿಷ ಏನೆಂಬುದು ಸ್ಪಷ್ಟವಾಗುತ್ತದೆ. ಅನೇಕ ಮನೆಗಳಲ್ಲಿ ಮಕ್ಕಳಿಗೆ ಈ ವೃತ್ತಾಂತವನ್ನು ಹೇಳುವಾಗ ಹಾವು, ಸೇಬು ಮತ್ತು ಹವ್ವಾರ ಹಠ ಇಷ್ಟರಲ್ಲೇ ಮುಗಿಸಲಾಗುತ್ತದೆ. ಈ ಮೂರೂ ಕುರ್‌ಆನಿನಲ್ಲಿಲ್ಲ. ಕುರ್‌ಆನ್ ಹೇಳಿದ್ದು ಬೇರೆಯೇ ಇದೆ, ಮತ್ತು ಅದು ಬೆಂಗಳೂರಿನ ಮುಸ್ಲಿಮರಿಗೆ ಬಹಳ ಹತ್ತಿರದ ಸಂಗತಿಯಾಗಿದೆ.

ಸ್ವರ್ಗೋದ್ಯಾನದಲ್ಲಿ ಆ ದಂಪತಿಗೆ ಎಲ್ಲವನ್ನೂ ಬಯಸಿದಲ್ಲಿಂದ ತಿನ್ನುವ ಅನುಮತಿಯಿತ್ತು. ನಿಷೇಧವಿದ್ದುದು ಒಂದೇ ಒಂದು ಮರಕ್ಕೆ. ಅಲ್ಲಾಹನು ಆ ಮರಕ್ಕೆ ಹೆಸರನ್ನೂ ಹೇಳಿಲ್ಲ; 'ಈ ಮರ' ಎಂದಷ್ಟೇ ತೋರಿಸಿದ್ದಾನೆ. ಅದಕ್ಕೆ ಹೆಸರಿಟ್ಟವನು ಶೈತಾನ. ಅದು ಅಮರತ್ವದ ಮರ, ಎಂದೂ ನಶಿಸದ ಅಧಿಕಾರವನ್ನು ನೀಡುವ ಮರ ಎಂದು ಅವನು ಆದಮ್‌ರಿಗೆ(ಅ) ಪರಿಚಯಿಸಿದನು. ಇದಿಷ್ಟೇ ಸಾಲದೆಂದು ಆಣೆಯನ್ನೂ ಹಾಕಿದನು. ತಾನು ಅವರಿಬ್ಬರ ಹಿತೈಷಿಗಳಲ್ಲೊಬ್ಬನೆಂದು ಅವನು ಪ್ರಮಾಣ ಮಾಡಿದ್ದನ್ನು ಅಲ್ ಅಅ್‌ರಾಫ್ ಅಧ್ಯಾಯದ 21ನೇ ಸೂಕ್ತ ದಾಖಲಿಸಿದೆ.

ಈ ಸೂಕ್ತದ ಮುಂದೆ ನಾವು ಸ್ವಲ್ಪ ನಿಲ್ಲಬೇಕು. ಹಿತೈಷಿ ಎಂಬುದಕ್ಕೆ ಅಲ್ಲಿ ಬಳಕೆಯಾದ ಪದ 'ನಾಸಿಹ್'. ನಮ್ಮ ಮನೆಗಳಲ್ಲಿ ಹಿರಿಯರು ಕಿರಿಯರಿಗೆ ಮಾಡುವ 'ನಸೀಹತ್' ಇದೇ ಮೂಲದ್ದು. ಪ್ರವಾದಿವರ್ಯರು(ಸ) ಇಡೀ ದೀನನ್ನೇ 'ನಸೀಹತ್' ಎಂದು ಬಣ್ಣಿಸಿದ್ದನ್ನು ಸಹೀಹ್ ಮುಸ್ಲಿಮ್ ವರದಿ ಮಾಡಿದೆ. ಇನ್ನೂ ಗಮನಾರ್ಹ ಸಂಗತಿಯೆಂದರೆ, ಅದೇ ಅಲ್ ಅಅ್‌ರಾಫ್ ಅಧ್ಯಾಯದಲ್ಲಿ ಮುಂದೆ ಪ್ರವಾದಿ ನೂಹ್, ಹೂದ್ ಮತ್ತು ಸಾಲಿಹ್(ಅ) ತಮ್ಮ ಜನಾಂಗದೊಂದಿಗೆ ಮಾತನಾಡುವಾಗ ಇದೇ ಮೂಲದ ಪದವನ್ನೇ ಬಳಸುತ್ತಾರೆ. ಅಂದರೆ ಶೈತಾನನು ಪ್ರವಾದಿಗಳ ಭಾಷೆಯಲ್ಲೇ ಮಾತನಾಡಿದ್ದಾನೆ. ಹಾಗಾದರೆ ಇಬ್ಬರನ್ನೂ ಬೇರ್ಪಡಿಸುವುದು ಹೇಗೆ? ಕುರ್‌ಆನಿನಲ್ಲೇ ಉತ್ತರವಿದೆ. ಪ್ರವಾದಿಗಳು ತಮ್ಮ ಉಪದೇಶಕ್ಕೆ ಪ್ರತಿಫಲ ಕೇಳಲಿಲ್ಲ, ಜನರಿಗೆ ಅಪ್ರಿಯವಾದುದನ್ನೇ ಹೆಚ್ಚಾಗಿ ಹೇಳಿದರು. ಶೈತಾನನು ಹೇಳಿದ್ದು ಮಾತ್ರ ಕೇಳುವವನು ಮೊದಲೇ ಬಯಸುತ್ತಿದ್ದ ಮಾತನ್ನು.

ಇನ್ನು ನಮ್ಮ ನಗರಕ್ಕೆ ಬರೋಣ. ಐಎಂಎ, ಅಂದರೆ ಐ ಮಾನೆಟರಿ ಅಡ್ವೈಸರಿ ಎಂಬ ಸಂಸ್ಥೆ 2006ರಲ್ಲಿ ಆರಂಭವಾಯಿತು. ಅದರ ಮುಖ್ಯಸ್ಥ ಮೊಹಮ್ಮದ್ ಮನ್ಸೂರ್ ಖಾನ್. ಹೆಸರಿನಲ್ಲೇ 'ಸಲಹೆ' ಇತ್ತು ಎಂಬುದನ್ನು ಗಮನಿಸಿರಿ. ಬಡ್ಡಿಯಿಲ್ಲದ ಹಲಾಲ್ ಹೂಡಿಕೆ ಎಂಬುದು ಅದರ ಪ್ರಚಾರವಾಗಿತ್ತು. ಚಿನ್ನದ ಮಳಿಗೆ, ಔಷಧದಂಗಡಿ, ಆಸ್ಪತ್ರೆ ಹೀಗೆ ಅದರ ಹೆಸರು ಹರಡಿತು. ಶಿವಾಜಿನಗರದ ಸರಕಾರಿ ಶಾಲೆಯೊಂದನ್ನು ಅದು ನವೀಕರಿಸಿತು. 2019ರ ರಮಝಾನ್ ಕಳೆಯುವಷ್ಟರಲ್ಲಿ ಪಾವತಿ ನಿಂತಿತ್ತು. ಜೂನ್ 10ರಂದು ಮುಖ್ಯಸ್ಥನ ಧ್ವನಿಮುದ್ರಿಕೆಯೊಂದು ಮೊಬೈಲ್‌ಗಳಲ್ಲಿ ಹರಿದಾಡಿತು. ಆತ ದುಬೈಗೆ ಪಲಾಯನ ಮಾಡಿದ್ದ. ಶಿವಾಜಿನಗರದಲ್ಲಿ ದೂರು ನೀಡಲು ಸಾಲುಗಟ್ಟಿದವರಲ್ಲಿ ಬುರ್ಖಾಧಾರಿ ಮಹಿಳೆಯರು, ನಿವೃತ್ತರು, ಮಗಳ ಮದುವೆಗೆಂದು ಹಣ ಕೂಡಿಟ್ಟವರು ಇದ್ದರು. ಕೆಲವೇ ದಿನಗಳಲ್ಲಿ ದೂರುಗಳ ಸಂಖ್ಯೆ ಹತ್ತಾರು ಸಾವಿರ ದಾಟಿತು. ಜುಲೈ 19ರಂದು ದಿಲ್ಲಿ ವಿಮಾನ ನಿಲ್ದಾಣದಲ್ಲಿ ಆತನ ಬಂಧನವಾಯಿತು. ಬಳಿಕ ತನಿಖೆಯನ್ನು ವಹಿಸಿಕೊಂಡ ಸಿಬಿಐ, ಸಂಗ್ರಹವಾದ ಮೊತ್ತ ಸುಮಾರು 4,000 ಕೋಟಿ ರೂಪಾಯಿ ಎಂದು ಹೇಳಿತು. ಸರಕಾರಿ ಅಧಿಕಾರಿಗಳೂ ಮೌಲವಿಯೊಬ್ಬರೂ ಬಂಧಿತರಾದರು. ಯಾರ ಅಪರಾಧ ಎಷ್ಟು ಎಂಬುದನ್ನು ನ್ಯಾಯಾಲಯ ತೀರ್ಮಾನಿಸುವುದು. ನಮ್ಮ ಮುಂದಿರುವ ಪ್ರಶ್ನೆ ಬೇರೆ.

ಠೇವಣಿಗೆ ಅಲ್ಲಿ ಠೇವಣಿ ಎಂಬ ಹೆಸರಿರಲಿಲ್ಲ. ಹಣ ಕೊಟ್ಟವನು 'ಪಾಲುದಾರ'. ತಿಂಗಳಿಗೆ ಬರುವುದು ಬಡ್ಡಿಯಲ್ಲ, 'ಲಾಭಾಂಶ'. ಮರ ಅದೇ, ಹೆಸರು ಮಾತ್ರ ಹೊಸದು. ಶರೀಅತ್‌ನಲ್ಲಿ ಮುದಾರಬ ಎಂಬ ಪಾಲುದಾರಿಕೆ ನಿಜವಾಗಿಯೂ ಇದೆ. ಅದರಲ್ಲಿ ಬಂಡವಾಳ ಹಾಕಿದವನು ನಷ್ಟವನ್ನೂ ಹೊರುತ್ತಾನೆ. ತಿಂಗಳು ತಪ್ಪದೆ ಲಾಭವನ್ನೇ ಕಾಣುವ ವ್ಯಾಪಾರ ಯಾವುದೆಂದು ಇಲ್ಲೇ ಪೀಣ್ಯದಲ್ಲಿ ಲೇತ್ ಯಂತ್ರ ಇಟ್ಟುಕೊಂಡಿರುವ ಯಾರನ್ನಾದರೂ ಕೇಳಿ ನೋಡಿ. ಮಾಡಿಕೊಟ್ಟ ಕೆಲಸದ ಬಿಲ್ಲಿಗಾಗಿ ತಿಂಗಳುಗಟ್ಟಲೆ ಕಾಯುವವನು, 2016ರ ನೋಟು ರದ್ದತಿಯನ್ನು ಕಂಡವನು ಆ ಪ್ರಶ್ನೆಗೆ ನಕ್ಕುಬಿಡುತ್ತಾನೆ. ತಿಂಗಳಿಗೆ ನೂರಕ್ಕೆ 3ರಂತೆ ಬಂದದ್ದನ್ನು ಮತ್ತೆ ಅಲ್ಲೇ ತೊಡಗಿಸಿದರೆ ಎರಡು ವರ್ಷಗಳಲ್ಲಿ ಹಣ ಇಮ್ಮಡಿಯಾಗಬೇಕು, ನಾಲ್ಕು ವರ್ಷಗಳಲ್ಲಿ ನಾಲ್ಕು ಪಟ್ಟು. ಎಂದೂ ನಶಿಸದ ಸಾಮ್ರಾಜ್ಯದ ಲೆಕ್ಕ ಇದುವೇ. ವೈಟ್‌ಫೀಲ್ಡ್ ಮತ್ತು ಎಲೆಕ್ಟ್ರಾನಿಕ್ ಸಿಟಿಯ ಕಚೇರಿಗಳಲ್ಲಿ ಗಣಿತವನ್ನೇ ಉದ್ಯೋಗವಾಗಿಸಿಕೊಂಡ ಯುವಕರಿಗೆ ಈ ಲೆಕ್ಕ ತಿಳಿಯದ್ದೇನಲ್ಲ. ಆದರೆ ಆಮಿಷವು ಬುದ್ಧಿಯನ್ನು ಎದುರಿಸಿ ನಿಲ್ಲುವುದಿಲ್ಲ, ಅದು ಪಕ್ಕದಿಂದ ಬರುತ್ತದೆ. ಬಲದಿಂದ ಎಡದಿಂದ, ಮುಂದಿನಿಂದ ಹಿಂದಿನಿಂದ ಬರುವೆನೆಂದು ಇಬ್ಲೀಸ್ ಮೊದಲೇ ಸಾರಿದ್ದಾನಷ್ಟೆ.

ಇದನ್ನು 'ಹಲಾಲ್ ಹಗರಣ' ಎಂದು ಕರೆದು ಕೆಲವು ಮಾಧ್ಯಮಗಳು ಗೇಲಿ ಮಾಡಿದವು. ಅದರ ಮರುವರ್ಷ, 2020ರ ಜನವರಿಯಲ್ಲಿ, ಬಸವನಗುಡಿಯ ಗುರು ರಾಘವೇಂದ್ರ ಸಹಕಾರಿ ಬ್ಯಾಂಕಿನ ಮೇಲೆ ರಿಸರ್ವ್ ಬ್ಯಾಂಕ್ ನಿರ್ಬಂಧ ಹೇರಿದಾಗ ವೃದ್ಧ ಠೇವಣಿದಾರರು ಅದೇ ರೀತಿ ಕಣ್ಣೀರಿಟ್ಟರು. ಸಂತರ ಹೆಸರನ್ನು ನಂಬಿದವರ ನೋವು ಹಲಾಲ್ ಪದವನ್ನು ನಂಬಿದವರ ನೋವಿಗಿಂತ ಭಿನ್ನವಲ್ಲ. ಇನ್ನೊಂದು ವಿಷಯವನ್ನೂ ಆಳುವವರಿಗೆ ನೆನಪಿಸಬೇಕಾಗಿದೆ. ರಘುರಾಮ್ ರಾಜನ್ ನೇತೃತ್ವದ ಸಮಿತಿ 2008ರಲ್ಲೇ ಬಡ್ಡಿರಹಿತ ಬ್ಯಾಂಕಿಂಗ್‌ಗೆ ಶಿಫಾರಸು ಮಾಡಿತ್ತು. ಆ ಪ್ರಸ್ತಾವವನ್ನು ಮುಂದುವರಿಸುವುದಿಲ್ಲವೆಂದು ರಿಸರ್ವ್ ಬ್ಯಾಂಕ್ 2017ರಲ್ಲಿ ತಿಳಿಸಿತು. ಕಾನೂನಿನ ಕಾವಲಿರುವ ಬಾಗಿಲು ಮುಚ್ಚಿದಾಗ ಕಾವಲಿಲ್ಲದ ಬಾಗಿಲುಗಳ ಮುಂದೆ ಜನಸಂದಣಿ ಸೇರುತ್ತದೆ. ಇದು ಸರಕಾರದ ಹೊಣೆ. ಆದರೆ ಅದನ್ನೇ ನೆಪವಾಗಿಸಿಕೊಳ್ಳುವಂತಿಲ್ಲ. ಇಬ್ಲೀಸನು ತಲೆಬಾಗಲು ನಿರಾಕರಿಸಿ ಸಿಕ್ಕಿಬಿದ್ದಾಗ ಹೇಳಿದ್ದೂ ಇಂತಹದೇ ಮಾತು. ತನ್ನನ್ನು ದಾರಿ ತಪ್ಪಿಸಿದವನು ಅಲ್ಲಾಹನೇ ಎಂದು ಅವನು ಆರೋಪಿಸಿದನು.

ಸಹೋದರಿಯರು ಇಲ್ಲಿ ದೊಡ್ಡ ಸಂಖ್ಯೆಯಲ್ಲಿರುವುದರಿಂದ ಒಂದು ಮಾತನ್ನು ಬಿಡಿಸಿ ಹೇಳಬೇಕು. 2019ರ ನಂತರ ಹಣ ಕಳೆದುಕೊಂಡ ಕುಟುಂಬಗಳಲ್ಲಿ ಜಗಳಗಳಾಗಿವೆ, ಮಾತು ನಿಂತಿದೆ. ಹೆಣ್ಣಿನ ಮಾತು ಕೇಳಿ ಕೆಟ್ಟೆ ಎನ್ನುವ ಗಂಡಂದಿರಿದ್ದಾರೆ. ಅವರು ಅದಕ್ಕೆ ಹವ್ವಾರ ಉದಾಹರಣೆಯನ್ನೂ ಕೊಡುತ್ತಾರೆ. ಮದ್ರಸಾದ ವ್ಯಾಕರಣ ಪಾಠದಲ್ಲಿ ಅರಬಿಯ ದ್ವಿವಚನವನ್ನು ಕಲಿಸುವಾಗ ಇದೇ ಸೂಕ್ತಗಳು ಉದಾಹರಣೆಯಾಗಿ ಬರುತ್ತವೆ. ಕನ್ನಡದಲ್ಲಿ ದ್ವಿವಚನವಿಲ್ಲ, ಆದ್ದರಿಂದ ಅನುವಾದ ಓದುವವರಿಗೆ ಇದು ಸುಲಭವಾಗಿ ಕಣ್ಣಿಗೆ ಬೀಳದು. ಅಲ್ ಅಅ್‌ರಾಫ್‌ನಲ್ಲಿ ದುಷ್ಪ್ರೇರಣೆ ಅವರಿಬ್ಬರಿಗೆ, ಆಣೆ ಅವರಿಬ್ಬರ ಮುಂದೆ, ರುಚಿ ನೋಡಿದ್ದು ಅವರಿಬ್ಬರು, ಎಲೆಗಳಿಂದ ಮಾನ ಮುಚ್ಚಿಕೊಂಡದ್ದೂ ಅವರಿಬ್ಬರು. ತಾಹಾದಲ್ಲಿ ಶೈತಾನನ ಮಾತು ನೇರವಾಗಿ ಆದಮ್‌ರೊಂದಿಗೆ(ಅ). ಪ್ರಮಾದವನ್ನೂ ಅಲ್ಲಿ ಅವರ ಹೆಸರಿಗೇ ಹೇಳಲಾಗಿದೆ. ಮಡದಿ ಗಂಡನನ್ನು ಕೆಡಿಸಿದಳೆಂದು ಕುರ್‌ಆನ್ ಎಲ್ಲಿಯೂ ಹೇಳಿಲ್ಲ. ಇನ್ನು, ಮಹ್ರ್ ಮತ್ತು ಅವಳಿಗೆ ಕೊಡುಗೆಯಾಗಿ ಬಂದ ಒಡವೆ ಶರೀಅತ್ ಪ್ರಕಾರ ಅವಳ ಸ್ವಂತ ಸೊತ್ತು. ಅವಳ ಬಳೆಗಳನ್ನು ಮಾರಿ ತನ್ನ ಹೆಸರಿನಲ್ಲಿ ಹಣ ಹೂಡಿದ ಗಂಡನು ಅವಳಿಗೆ ಸಾಲಗಾರನಾಗಿದ್ದಾನೆ. ದೂಷಿಸುವ ಬದಲು ಅವನು ಆ ಸಾಲದ ಬಗ್ಗೆ ಮಾತನಾಡಲಿ.

ಶೈತಾನನ ಹೆಜ್ಜೆಗಳನ್ನು ಅನುಸರಿಸಬಾರದೆಂದು ಕುರ್‌ಆನ್ ಎಚ್ಚರಿಸುವಾಗ 'ಹೆಜ್ಜೆಗಳು' ಎಂಬ ಬಹುವಚನವಿದೆ. ಐಎಂಎಯಲ್ಲಿ ಕಳೆದುಕೊಂಡದ್ದನ್ನು ತುಂಬಲು ಮೊಬೈಲಿನ ಸಾಲದ ಆ್ಯಪ್, ಆ ಸಾಲ ತೀರಿಸಲು ಹಣ ಕಟ್ಟುವ ಆನ್‌ಲೈನ್ ಆಟ, ಅದೂ ಕೈಕೊಟ್ಟಾಗ ಮನೆಯಲ್ಲೇ ಕುಳಿತು ಗಳಿಸಿರಿ ಎಂಬ ಟೆಲಿಗ್ರಾಮ್ ಸಂದೇಶ. ಹೀಗೆ ಸಾಗುತ್ತದೆ. ಹಣ ಪಣಕ್ಕಿಡುವ ಆಟಗಳನ್ನು ಸಂಸತ್ತು 2025ರ ಆಗಸ್ಟ್‌ನಲ್ಲಿ ಕಾನೂನಿನ ಮೂಲಕ ನಿಷೇಧಿಸಿತು. ಕುರ್‌ಆನ್ ಜೂಜನ್ನು ನಿಷೇಧಿಸಿ ಹದಿನಾಲ್ಕು ಶತಮಾನಗಳಾದವು.

ತಪ್ಪು ನಡೆದ ಬಳಿಕ ಆದಮ್(ಅ) ಮತ್ತು ಹವ್ವಾ ಮಾಡಿದ್ದೇನು? ಒಬ್ಬರು ಇನ್ನೊಬ್ಬರನ್ನು ತೋರಿಸಲಿಲ್ಲ, ಶೈತಾನನನ್ನೂ ತೋರಿಸಲಿಲ್ಲ. ತಮ್ಮ ಮೇಲೆ ತಾವೇ ಅಕ್ರಮವೆಸಗಿಕೊಂಡೆವೆಂದು ಜೊತೆಯಾಗಿ ಒಪ್ಪಿಕೊಂಡರು. ತೌಬಾಕ್ಕೆ ವಿದ್ವಾಂಸರು ಹೇಳಿರುವ ಷರತ್ತುಗಳಲ್ಲಿ ಪಶ್ಚಾತ್ತಾಪವಿದೆ, ಕೃತ್ಯವನ್ನು ಕೈಬಿಡುವುದಿದೆ, ಮರಳಿ ಮಾಡದ ಸಂಕಲ್ಪವಿದೆ. ಇನ್ನೊಬ್ಬರ ಹಕ್ಕು ತಗಲಿಕೊಂಡಿದ್ದರೆ ಅದನ್ನು ಮರಳಿಸುವುದೂ ಇದೆ. ಈ ನಾಲ್ಕನೆಯದರ ಬಗ್ಗೆ ನಮ್ಮ ಮಿಂಬರ್‌ಗಳು ಈ ಪ್ರಕರಣದಲ್ಲಿ ಹೆಚ್ಚು ಮಾತನಾಡಿಲ್ಲ. ಇಂತಹ ಯೋಜನೆಗಳಲ್ಲಿ ಮೊದಲು ಬಂದವರಿಗೆ ಲಾಭವೆಂದು ಕೊಡುವುದು ನಂತರ ಬಂದವರ ಅಸಲನ್ನು. 2010ರ ಸುಮಾರಿಗೆ ಹಣ ತೊಡಗಿಸಿ, ಕೊಟ್ಟದ್ದಕ್ಕಿಂತ ಹೆಚ್ಚು ಪಡೆದು, ಮುಳುಗುವ ಮುನ್ನವೇ ಹೊರಬಂದು ತನ್ನ ಜಾಣತನವನ್ನು ಮೆಚ್ಚಿಕೊಂಡವನ ಕೈಯಲ್ಲಿರುವುದು ಯಾವುದೋ ಗಾರ್ಮೆಂಟ್ ಕಾರ್ಮಿಕಳ ಹತ್ತು ವರ್ಷಗಳ ಉಳಿತಾಯವಾಗಿರಬಹುದು. ಅಂಥವನು ಹಳೆಯ ಪಾಸ್‌ಬುಕ್ ತೆಗೆದು, ಕೊಟ್ಟದ್ದು ಎಷ್ಟು, ಪಡೆದದ್ದು ಎಷ್ಟು ಎಂದು ಬರೆಯಲಿ. ಹೆಚ್ಚಾಗಿ ಬಂದ ಮೊತ್ತ ತನ್ನದಲ್ಲವೆಂದು ತಿಳಿದು, ಹೂಡಿಕೆದಾರರ ಹಣ ಮರಳಿಸಲು ಸರಕಾರ ನೇಮಿಸಿದ ಪ್ರಾಧಿಕಾರದ ಮುಂದೆ ಹೇಳಲಿ. ಅದಾಗದಿದ್ದರೆ ತನ್ನ ಪರಿಚಯದಲ್ಲೇ ಎಲ್ಲವನ್ನೂ ಕಳೆದುಕೊಂಡ ಮನೆ ಇರುತ್ತದೆ, ಅಲ್ಲಿಗೆ ಹೋಗಲಿ. ಇದನ್ನು ದಾನವೆಂದು ಕೊಡಬಾರದು, ಅವರ ಹಣವೆಂದೇ ಹೇಳಿ ಕೊಡಬೇಕು.