ಗ್ಯಾರೇಜಿನಲ್ಲಿರುವ ಕನ್ನಡ ಪುಸ್ತಕಗಳು

(ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ಊರಿನಿಂದ ಹೊರಡುವಾಗ ಸೂಟ್‌ಕೇಸಿನ ತೂಕ ನೋಡಿ ಉಪ್ಪಿನಕಾಯಿ ತೆಗೆದಿಟ್ಟು ಪುಸ್ತಕ ತುಂಬಿಕೊಂಡವರು ನಾವು. (ಪುಸ್ತಕ ತೆಗೆದಿಟ್ಟು ಉಪ್ಪಿನಕಾಯಿ ತುಂಬಿಕೊಂಡವರೂ ಇದ್ದಾರೆ!) ಆ ಪುಸ್ತಕಗಳು ಈಗ ವುಡ್‌ಲ್ಯಾಂಡ್ಸ್‌ನ ನಮ್ಮ ಗ್ಯಾರೇಜುಗಳಲ್ಲಿ ಹಳದಿಯಾಗಿ, ಬೂಷ್ಟು ಹಿಡಿಯುತ್ತಿವೆ. ನೆರೆನೀರು ಎಷ್ಟು ಬೇಗ ಮನೆಯೊಳಗೆ ಬರಬಲ್ಲದೆಂಬುದನ್ನು 2017ರ ಹಾರ್ವೆ ಚಂಡಮಾರುತ ಹ್ಯೂಸ್ಟನ್ನಿಗೆ ತೋರಿಸಿಕೊಟ್ಟಿದೆ.

ಬೆಂಗಳೂರಿನಲ್ಲಿ 'ಸರ್ವೆಂಟ್ಸ್ ಆಫ್ ನಾಲೆಡ್ಜ್' ಎಂಬ ಬಳಗ ಸಾವಿರಾರು ಕನ್ನಡ ಪುಸ್ತಕ, ಪತ್ರಿಕೆಗಳನ್ನು ಸ್ಕ್ಯಾನ್ ಮಾಡಿ ಇಂಟರ್ನೆಟ್ ಆರ್ಕೈವ್‌ನಲ್ಲಿ ಉಚಿತವಾಗಿ ಇಟ್ಟಿದೆ. ಪುಸ್ತಕವನ್ನು ಅರ್ಧ ತೆರೆದಂತೆ ತೊಟ್ಟಿಲಿನಂಥ ಆಸರೆಯಲ್ಲಿಟ್ಟು ಎರಡು ಕ್ಯಾಮೆರಾಗಳಿಂದ ಚಿತ್ರ ತೆಗೆಯುತ್ತಾರೆ. ಹಳೆಯ ಪುಸ್ತಕದ ಬೆನ್ನು ಮುರಿಯುವುದಿಲ್ಲ.

ಆದರೆ ಚಿತ್ರ ತೆಗೆದ ಮಾತ್ರಕ್ಕೆ ಕೆಲಸ ಮುಗಿಯಿತೇ? ವೈದ್ಯರಾದ ನಮಗೆ ಗೊತ್ತು, ರೋಗಿಯ ಹೆಸರು, ತಾರೀಖು ಇಲ್ಲದ ಎಕ್ಸ್‌ರೇ ಯಾರ ಉಪಯೋಗಕ್ಕೂ ಬಾರದು. ಪುಸ್ತಕದ ಹೆಸರು, ಲೇಖಕರು, ವರ್ಷ ಸರಿಯಾಗಿ ದಾಖಲಾಗದಿದ್ದರೆ ಹುಡುಕುವವರ ಪಾಲಿಗೆ ಅದು ಇಲ್ಲದಂತೆಯೇ. ಅನಂತರ ಓಸಿಆರ್, ಅಂದರೆ ಚಿತ್ರದಲ್ಲಿರುವ ಅಕ್ಷರಗಳನ್ನು ಕಂಪ್ಯೂಟರೇ ಗುರುತಿಸಿ ಪಠ್ಯವಾಗಿಸುವುದು. ಯೂನಿಕೋಡ್‌ನಲ್ಲಿ ಕನ್ನಡಕ್ಕೆ 1991ರಲ್ಲೇ ಸ್ಥಾನ ಸಿಕ್ಕಿತು. ಆದರೂ ಹಳೆಯ ಮೊಳೆಯಚ್ಚಿನ ಪುಟದ ಮುಂದೆ ಯಂತ್ರ ತಡವರಿಸುತ್ತದೆ. ಸೊನ್ನೆ ಕಂಡರೆ ಅನುಸ್ವಾರವೋ ಅಂಕಿಯೋ ಎಂದು ಗೊಂದಲ. ಸವೆದ ಒತ್ತಕ್ಷರ ಬಿಟ್ಟೇಹೋಗುತ್ತದೆ. 'ಅಕ್ಕ' ಹೋಗಿ 'ಅಕ' ಆದರೆ, ಎಷ್ಟು ಹುಡುಕಿದರೂ ಅಕ್ಕ ಸಿಗುವುದಿಲ್ಲ!

ನಮ್ಮ ಸಂಘ ಕೈಹಾಕಬೇಕಾದದ್ದು ಇಲ್ಲಿ. ಕನ್ನಡ ವಿಕಿಸೋರ್ಸ್‌ನಲ್ಲಿ ಒಂದು ಬದಿಗೆ ಪುಟದ ಚಿತ್ರ, ಇನ್ನೊಂದು ಬದಿಗೆ ಪಠ್ಯ ಇರುತ್ತದೆ. ಹೋಲಿಸಿ ತಪ್ಪು ತಿದ್ದಬೇಕು. ಬೇಸಿಗೆಗೆ ಊರಿನಿಂದ ಬರುವ ಅಜ್ಜ ಅಜ್ಜಿಯರು ಗಟ್ಟಿಯಾಗಿ ಓದಲಿ, ಮೊಮ್ಮಕ್ಕಳು ಟೈಪ್ ಮಾಡಲಿ. ಎರಡು ಕಡೆಯವರಿಗೂ ಮಧ್ಯಾಹ್ನ ಕಳೆಯುವುದು ಕಷ್ಟ ತಾನೆ? ಅರ್ಥ ತಿಳಿಯದ ಪದಕ್ಕೆ, ವಿ. ಕೃಷ್ಣ ಅವರು ದಶಕಗಳ ಕಾಲ ದುಡಿದು ಸಿದ್ಧಪಡಿಸಿದ 'ಅಲರ್' ನಿಘಂಟು 2019ರಿಂದ ಉಚಿತವಾಗಿ ದೊರೆಯುತ್ತಿದೆ.

ಹಕ್ಕುಸ್ವಾಮ್ಯದ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ಭಾರತದಲ್ಲಿ ಲೇಖಕರು ತೀರಿಕೊಂಡ ಮೇಲೂ 60 ವರ್ಷ ಅದು ಉಳಿಯುತ್ತದೆ. 1930ರಲ್ಲಿ ತೀರಿಕೊಂಡ ಎಂ. ಎಸ್. ಪುಟ್ಟಣ್ಣನವರ ಪುಸ್ತಕಗಳಿಗೆ ಅಡ್ಡಿಯಿಲ್ಲ. 1994ರಲ್ಲಿ ಅಗಲಿದ ಕುವೆಂಪು ಅವರ ಪುಸ್ತಕಗಳಿಗೆ ಅನುಮತಿ ಬೇಕು.

ಮೊದಲು ಒಂದು ಪಟ್ಟಿ ಮಾಡೋಣ. ಪೆಟ್ಟಿಗೆ ತೆರೆದು ಹೆಸರು, ಲೇಖಕರು, ಮುದ್ರಣದ ವರ್ಷ ಬರೆದು ತನ್ನಿ. ಬೂಷ್ಟು ಹಿಡಿದ ಪುಸ್ತಕಗಳನ್ನು ಬೇರೆ ಚೀಲದಲ್ಲಿಡಿ. ಟೆಕ್ಸಾಸಿನ ಬಿಸಿಲಿದೆಯೆಂದು ಹಪ್ಪಳದಂತೆ ಹೊರಗೆ ಒಣಹಾಕಬೇಡಿ, ಹಾಳೆ ಮುಟ್ಟಿದರೆ ಮುರಿಯುವಂತಾಗುತ್ತದೆ.