ಎರಡು ಬಿಸ್ಕೆಟ್, ಒಂದು ಸ್ಕ್ಯಾನ್

ಮೊದಲೇ ಹೇಳಿಬಿಡ್ತೀನಿ, ನಾನು ಓದಿದ್ದು ಬಿ.ಕಾಂ. ಇವತ್ತಿನದು ವೈದ್ಯಕೀಯ ಸಲಹೆ ಅಲ್ಲ, ನಾನು ಮಾಡಿದ ಒಂದು ತಪ್ಪಿನ ಕಥೆ.

ನಮ್ಮ ದೊಡ್ಡಮ್ಮನಿಗೆ ಚಿಕ್ಕಂದಿನಲ್ಲಿ ರುಮ್ಯಾಟಿಕ್ ಜ್ವರ ಬಂದು ಹೃದಯದ ಕವಾಟ ಹಾಳಾಗಿತ್ತು. ಕೆಲವು ವರ್ಷಗಳ ಹಿಂದೆ ಅದನ್ನು ತೆಗೆದು ಲೋಹದ ಕವಾಟ ಹಾಕಿದ್ರು. ಕಳೆದ ವರ್ಷ ಅವರಿಗೆ ಜ್ವರ ಶುರುವಾಯ್ತು. ಬರುತ್ತೆ, ಬಿಡುತ್ತೆ, ಮತ್ತೆ ಬರುತ್ತೆ. ಆ ಕವಾಟಕ್ಕೇ ಸೋಂಕು ತಗುಲಿರಬಹುದು ಅಂತ ಡಾಕ್ಟರಿಗೆ ಅನುಮಾನ. ಬ್ಲಡ್ ಕಲ್ಚರ್‌ಗೆ ರಕ್ತ ತಗೊಂಡು ಔಷಧಿ ಶುರು ಮಾಡಿದ್ರು. ಎಕೋದಲ್ಲಿ ಮಾತ್ರ ಲೋಹದ ನೆರಳು ಅಡ್ಡ ಬಂದು ಏನೂ ಸ್ಪಷ್ಟವಾಗಲಿಲ್ಲ. ಆಗ ಪೆಟ್-ಸಿಟಿ ಸ್ಕ್ಯಾನ್ ಬರೆದುಕೊಟ್ರು.

ಈ ಸ್ಕ್ಯಾನ್ ಕ್ರಿಮಿಯ ಫೋಟೋ ತೆಗೆಯಲ್ಲ. ಸ್ವಲ್ಪ ವಿಕಿರಣ ಸೂಸುವ ಒಂದು ಬಗೆಯ ಸಕ್ಕರೆಯನ್ನು ರಕ್ತನಾಳಕ್ಕೆ ಚುಚ್ತಾರೆ. ಅದರಲ್ಲಿರೋ ಫ್ಲೋರಿನ್-18ರ ಅರ್ಧಾಯುಷ್ಯ ಸುಮಾರು 110 ನಿಮಿಷ, ಅಂದ್ರೆ ಅಷ್ಟರಲ್ಲಿ ಅರ್ಧ ಖಾಲಿ. ಸೋಂಕಿರುವ ಕಡೆ ಸೇರಿಕೊಂಡ ಬಿಳಿ ರಕ್ತಕಣಗಳು ಈ ಸಕ್ಕರೆಯನ್ನು ಹೆಚ್ಚು ಹೀರಿಕೊಳ್ತವೆ. ಆ ಜಾಗ ಚಿತ್ರದಲ್ಲಿ ಹೊಳೆಯುತ್ತೆ. 2015ರಲ್ಲಿ ಯುರೋಪಿನ ಹೃದ್ರೋಗ ತಜ್ಞರ ಮಾರ್ಗಸೂಚಿ, ಕೃತಕ ಕವಾಟದ ಸೋಂಕಿಗೆ ಇದನ್ನೂ ಒಂದು ಮುಖ್ಯ ಪುರಾವೆ ಅಂತ ಸೇರಿಸಿತು.

ತೊಂದರೆ ಏನಂದ್ರೆ, ಹೃದಯದ ಸ್ನಾಯುವೂ ಸಕ್ಕರೆ ತಿನ್ನುತ್ತೆ! ಅದನ್ನು ಸುಮ್ಮನಿರಿಸೋಕೆ ಹಿಂದಿನ ದಿನ ಅನ್ನ, ಮುದ್ದೆ, ಚಪಾತಿ, ಹಣ್ಣು, ಸಕ್ಕರೆ ಎಲ್ಲಾ ಬಂದ್. ತುಪ್ಪ, ಪನೀರ್‌ನಂಥ ಕೊಬ್ಬಿನ ಊಟ, ಆಮೇಲೆ ದೀರ್ಘ ಉಪವಾಸ. ಆಗ ಸ್ನಾಯು ಸಕ್ಕರೆ ಬಿಟ್ಟು ಕೊಬ್ಬನ್ನು ಉರಿಸುತ್ತೆ.

ಅವತ್ತು ರಾತ್ರಿ ಹನ್ನೊಂದಕ್ಕೆ ದೊಡ್ಡಮ್ಮ, "ಹೊಟ್ಟೆ ಸಂಕಟ ಆಗ್ತಿದೆ ಕಣೋ" ಅಂದ್ರು. ನನಗೆ ಕರುಳು ಚುರುಕ್ ಅಂತು. ಎರಡು ಬಿಸ್ಕೆಟ್, ಸಕ್ಕರೆ ಹಾಕಿದ ಅರ್ಧ ಲೋಟ ಹಾಲು ಕೊಟ್ಟೆ.

ಬೆಳಗ್ಗೆ ಸ್ಕ್ಯಾನ್‌ನಲ್ಲಿ ಇಡೀ ಹೃದಯ ದೀಪಾವಳಿ. ಕವಾಟದ ಸುತ್ತ ಏನಿದೆ ಅಂತ ಹೇಳೋಕೇ ಆಗಲಿಲ್ಲ. "ನಿನ್ನೆ ರಾತ್ರಿ ಏನಾದ್ರೂ ತಿಂದ್ರಾ?" ಅಂತ ಡಾಕ್ಟರ್ ಕೇಳಿದ್ರು. ದೊಡ್ಡಮ್ಮ ನನ್ನ ಮುಖ ನೋಡಿ, "ಏನೂ ಇಲ್ಲ ಡಾಕ್ಟ್ರೇ" ಅಂದುಬಿಟ್ರು. ನನ್ನನ್ನ ಉಳಿಸೋಕೆ! ನಾನೇ ಬಾಯಿಬಿಟ್ಟೆ.

ಮೂರು ದಿನ ಬಿಟ್ಟು ಮತ್ತೆ ಸ್ಕ್ಯಾನ್, ಮತ್ತೆ ಖರ್ಚು. ಈ ಸಲ ಸ್ನಾಯು ಕತ್ತಲು, ಕವಾಟದ ಅಂಚಿನಲ್ಲಿ ಒಂದೇ ಕಡೆ ಬೆಳಕು. ಬ್ಲಡ್ ಕಲ್ಚರ್‌ನಲ್ಲೂ ಕ್ರಿಮಿ ಸಿಕ್ಕಿತ್ತು. ಲೆಕ್ಕ ತಾಳೆ ಆಯ್ತು. ಆರು ವಾರ ರಕ್ತನಾಳದ ಮೂಲಕ ಆ್ಯಂಟಿಬಯಾಟಿಕ್ ನಡೀತು. ಈಗ ದೊಡ್ಡಮ್ಮ ಹುಷಾರಾಗಿದ್ದಾರೆ.

ಈ ಸ್ಕ್ಯಾನೂ ಒಂದೊಂದ್ಸಲ ಎಡವುತ್ತೆ. ಆಪರೇಷನ್ ಆಗಿ ಮೂರು ತಿಂಗಳೊಳಗೆ ಗಾಯ ಮಾಯುವಾಗಲೂ ಆ ಜಾಗ ಹೊಳೆಯಬಹುದು. ಅದಕ್ಕೇ ಕಲ್ಚರ್, ಎಕೋ, ಸ್ಕ್ಯಾನ್ ಮೂರನ್ನೂ ಒಟ್ಟಿಗಿಟ್ಟು ನೋಡ್ತಾರೆ.

ನಿಮ್ಮ ಮನೇಲಿ ಕೃತಕ ಕವಾಟ ಇರುವವರಿಗೆ ಜ್ವರ ಬಂದ್ರೆ, ಅಂಗಡಿಯಿಂದ ಮಾತ್ರೆ ತಂದು ನುಂಗಿಸಬೇಡಿ. ಡಾಕ್ಟರಿಗೆ ಮೊದಲು ಕವಾಟದ ವಿಷಯ ಹೇಳಿ. ಸ್ಕ್ಯಾನ್ ಹಿಂದಿನ ರಾತ್ರಿ ಅವರು ಹಸಿವು ಅಂದ್ರೆ ಆಸ್ಪತ್ರೆಗೆ ಫೋನ್ ಮಾಡಿ ಕೇಳಿ. ಬಿಸ್ಕೆಟ್ ಡಬ್ಬಿಗೆ ಕೈ ಹಾಕಬೇಡಿ. ಅಕಸ್ಮಾತ್ ಹಾಕಿದ್ರೆ, ಸ್ಕ್ಯಾನ್‌ಗೆ ಮುಂಚೆಯೇ ಒಪ್ಪಿಕೊಳ್ಳಿ.

ಮತ್ತೆ ಸಿಗೋಣ.